ಹಡಗಿನ ಲಾಬ್‌ಸ್ಟರ್ ಅಸಲೀನಾ, ಫ್ರೆಶ್ಶಾ?

ಮಂಡ್ಯದಲ್ಲಿ ನಾನು ಒಂದು ಸಣ್ಣ ಮೆಸ್ ನಡೆಸುತ್ತೇನೆ. ಮಟನ್ ಹೇಳುವ ಮುಂಚೆ ಅರ್ಧ ಜನ ಕೇಳುವ ಪ್ರಶ್ನೆ ಒಂದೇ: ‘ಬನ್ನೂರು ಕುರೀನಾ?’ ಹೌದು ಅಂದರೆ ನಂಬುವುದಿಲ್ಲ, ಅಲ್ಲ ಅಂದರೆ ಎದ್ದು ಹೋಗುತ್ತಾರೆ. ಹಾಗಾಗಿ ಹೋದ ತಿಂಗಳು ಮೇಷ್ಟ್ರು ಫೋನ್ ಮುಂದೆ ಹಿಡಿದು ‘ಇದು ಅಸಲಿ ಲಾಬ್‌ಸ್ಟರೇನಪ್ಪಾ, ಸ್ವಲ್ಪ ನೋಡು’ ಅಂದಾಗ ನನಗೆ ನಗು ಬಂತು.

ರಿಟೈರಾದ ಮೇಷ್ಟ್ರು. ಮಗಳು ಫ್ಲಾರಿಡಾದಲ್ಲಿದ್ದಾಳೆ. ನೋಡಲು ಹೋದ ಅಪ್ಪ ಅಮ್ಮನನ್ನು ಮೇ ತಿಂಗಳಲ್ಲಿ ಮಯಾಮಿಯಿಂದ 7 ದಿನದ ಕ್ರೂಸ್ ಹತ್ತಿಸಿದ್ದಾಳೆ. ಕೋಟು ಹಾಕಿಕೊಂಡು ಊಟಕ್ಕೆ ಹೋಗುವ ರಾತ್ರಿ ಲಾಬ್‌ಸ್ಟರ್ ಬಂದಿದೆ. ಅಮ್ಮ ಟೇಬಲ್ಲಿನಲ್ಲೇ ತೀರ್ಪು ಕೊಟ್ಟಿದ್ದಾರೆ: ‘ಇದು ದೊಡ್ಡ ಸೀಗಡಿ. ಲಾಬ್‌ಸ್ಟರ್‌ಗೆ ಏಡಿಕಾಯಿ ಥರ ಕೈ ಇರ್ತದೆ. ಇದರದ್ದು ಎಲ್ಲಿ?’ ಅವತ್ತಿನಿಂದ ಗಂಡ ಹೆಂಡತಿ ನಡುವೆ ಇದೇ ವಾದ. ನನ್ನ ಹತ್ತಿರ ಯಾಕೆ ತಂದರು ಅಂದರೆ, ಮೆಸ್ ಹಾಕುವ ಮುಂಚೆ ನಾನು 6 ವರ್ಷ ಅಂಥದ್ದೇ ಹಡಗಿನ ಅಡುಗೆಮನೆಯಲ್ಲಿದ್ದೆ. ಅಲ್ಲಿ ಅದನ್ನು ಗ್ಯಾಲಿ ಅನ್ನುತ್ತಾರೆ. ಎಷ್ಟು ಸಾವಿರ ಲಾಬ್‌ಸ್ಟರ್ ಬಾಲ ಕತ್ತರಿಸಿದ್ದೇನೆ ಅನ್ನುವುದು ನನ್ನ ಬಲಗೈ ಹೆಬ್ಬೆರಳಿಗೇ ಗೊತ್ತು.

ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಲದ ತುದಿಯಲ್ಲಿ ಬೀಸಣಿಗೆ ಥರ ಬಿಚ್ಚಿಕೊಳ್ಳುವ ಭಾಗವಿದೆಯಲ್ಲ, ಅದು ಶುರುವಾಗುವ ಜಾಗದ ಪಕ್ಕದಲ್ಲೇ ಚಿಪ್ಪಿನ ಮೇಲೆ ಒಂದು ಜೊತೆ ಹಳದಿ ಚುಕ್ಕೆ. ಅಷ್ಟು ಸಾಕು. ಅದು ಕೆರಿಬಿಯನ್ ಸಮುದ್ರದ ಸ್ಪೈನಿ ಲಾಬ್‌ಸ್ಟರ್. ಅದಕ್ಕೆ ಇಕ್ಕಳದಂಥ ಕೈಯೇ ಇಲ್ಲ. ಮೈತುಂಬ ಮುಳ್ಳು, ತಲೆಯಲ್ಲಿ ಎರಡು ಉದ್ದನೆಯ ದಪ್ಪ ಮೀಸೆ. ಅಮ್ಮ ಸಿನಿಮಾದಲ್ಲಿ ನೋಡಿರುವ ಕೈ ಇರುವ ಲಾಬ್‌ಸ್ಟರ್ ಬೇರೆ. ಅದು ಅಮೆರಿಕದ ಮೇಯ್ನ್ ರಾಜ್ಯ, ಕೆನಡಾ ಕಡೆಯ ತಣ್ಣೀರಿನದು. ನಮ್ಮ ಮಂಗಳೂರು ದಕ್ಕೆಗೆ, ಮಲ್ಪೆಗೆ ಬರುವ ಲಾಬ್‌ಸ್ಟರ್‌ಗೂ ಇಕ್ಕಳ ಇರುವುದಿಲ್ಲ. ಹಾಗಂತ ಅದನ್ನು ಯಾರೂ ನಕಲಿ ಅನ್ನಲ್ಲ, ಅಲ್ವಾ? ತಣ್ಣೀರಿನ ಬಾಲದ ಮಾಂಸ ಇನ್ನಷ್ಟು ಸಿಹಿ, ಬೆಲೆಯೂ ಜಾಸ್ತಿ. ಆದರೆ ಎರಡೂ ಲಾಬ್‌ಸ್ಟರೇ.

‘ಹಂಗಾದ್ರೆ ನಾನು ಗೆದ್ದೆ’ ಅಂದರು ಮೇಷ್ಟ್ರು.

‘ಅರ್ಧ ಗೆದ್ರಿ ಸಾರ್. ಫ್ರೆಶ್ ಅಂತ ಹೇಳಿದ್ರಾ ಅಮ್ಮನಿಗೆ?’

ಹೇಳಿದ್ದರಂತೆ. ಸುತ್ತ ಸಮುದ್ರವೇ ಇದೆ, ಬಲೆ ಹಾಕಿ ಎತ್ತಿರುತ್ತಾರೆ ಅಂದಿದ್ದರಂತೆ.

ಇಲ್ಲೇ ಎಲ್ಲರೂ ಎಡವುವುದು. ಬಹಾಮಾಸ್‌ನಲ್ಲಿ ಏಪ್ರಿಲ್ 1ರಿಂದ ಜುಲೈ 31ರವರೆಗೆ ಸ್ಪೈನಿ ಲಾಬ್‌ಸ್ಟರ್ ಹಿಡಿಯುವಂತಿಲ್ಲ. ಫ್ಲಾರಿಡಾದಲ್ಲೂ ಮಾಮೂಲಿ ಸೀಸನ್ ಆಗಸ್ಟ್ 6ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೊಟ್ಟೆ ಇಡುವ ಕಾಲ ಅಂತ ಬಿಡುವು. ಹಡಗಿಗೆ ಅಂಥ ಬಿಡುವಿಲ್ಲ, ಮೇ ತಿಂಗಳಲ್ಲೂ ವಾರವಾರ ಲಾಬ್‌ಸ್ಟರ್ ರಾತ್ರಿ ಬರಲೇಬೇಕು. ಮೇಷ್ಟ್ರು ತಿಂದದ್ದು ಫ್ರೀಜರಿನದು. ಸೀಸನ್ ಇದ್ದಾಗಲೂ ನಾವು ಹಾಕುತ್ತಿದ್ದುದು ಫ್ರೀಜರಿನದೇ.

ಮೋಸ ಅನ್ನಿಸಬಹುದು. ಗ್ಯಾಲಿಗೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಕೆಲಸ ಕಲಿಸಿದ ಗೋವಾದ ಸೀನಿಯರ್ ಒಬ್ಬರು ಬಿಡಿಸಿ ಹೇಳಿದರು. ಲಾಬ್‌ಸ್ಟರ್ ಸತ್ತ ತಕ್ಷಣ ಅದರ ಹೊಟ್ಟೆಯೊಳಗಿನ ಜೀರ್ಣರಸ ಸ್ವಂತ ಮಾಂಸವನ್ನೇ ಕರಗಿಸಲು ಶುರು ಮಾಡುತ್ತದೆ. ಕೆಲವೇ ಗಂಟೆಯಲ್ಲಿ ಮಾಂಸ ಅಂಬಲಿ ಆಗಿಬಿಡುತ್ತದೆ. ಆದ್ದರಿಂದ ಒಂದೋ ಜೀವಂತ ಇಡಬೇಕು, ಇಲ್ಲವೇ ಕೂಡಲೇ ತಲೆ ಬೇರೆ ಮಾಡಿ ಬಾಲವನ್ನು ಫ್ರೀಜ್ ಮಾಡಬೇಕು. ನಮ್ಮ ಹಡಗಿನಲ್ಲಿ 3,000 ಗೆಸ್ಟ್. ಅಷ್ಟು ಲಾಬ್‌ಸ್ಟರ್ ಜೀವಂತ ಇಡಲು ತಣ್ಣನೆಯ ಉಪ್ಪುನೀರಿನ ತೊಟ್ಟಿ ಬೇಕು. ನಮ್ಮ ಕೆಆರ್‌ಎಸ್ ಅನ್ನೇ ಹಡಗಿನ ಮೇಲೆ ಇಟ್ಟುಕೊಂಡು ಹೋಗಬೇಕಾದೀತು! ಹೆಚ್ಚಿಗೆ ದುಡ್ಡು ಕೊಟ್ಟು ಊಟ ಮಾಡುವ ಸಣ್ಣ ರೆಸ್ಟೋರೆಂಟುಗಳು ಹಡಗಿನಲ್ಲಿ ಇರುತ್ತವೆ. ಅಲ್ಲಿ ಕೆಲವು ಕಡೆ ಇಕ್ಕಳದ ಸಮೇತ ಇಡೀ ಲಾಬ್‌ಸ್ಟರ್ ಸಿಗುತ್ತದೆ. ಎಲ್ಲರಿಗೂ ಬಡಿಸುವ ದೊಡ್ಡ ಊಟದ ಹಾಲ್‌ನಲ್ಲಿ ಮಾತ್ರ ಬಾಲವೇ ಗತಿ.

ನಕಲಿ ಎಲ್ಲಿರುತ್ತದೆ ಅಂದರೆ ಬಫೆಯಲ್ಲಿ. ಸೀಫುಡ್ ಸಲಾಡ್‌ನಲ್ಲಿ ಅಂಚಿಗೆ ಕೆಂಪು ಬಣ್ಣ ಬಳಿದ ಬಿಳಿ ತುಂಡು ಕಂಡರೆ ಅದು ಸುರಿಮಿ. ಮೀನಿನ ಮಾಂಸ ಅರೆದು ಅಚ್ಚು ಹಾಕಿದ್ದು. ಲ್ಯಾಂಗೊಸ್ಟಿನೊ ಅಂತ ಬರೆದಿದ್ದರೆ ಅದು ಬೇರೆಯದೇ ಜಾತಿಯ ಸಣ್ಣ ಪ್ರಾಣಿ. ರುಚಿಯಾಗಿಯೇ ಇರುತ್ತದೆ, ತಿನ್ನಿ. ಲಾಬ್‌ಸ್ಟರ್ ಅಂತ ಊರಿಗೆ ಫೋನ್ ಮಾಡಬೇಡಿ.

ಇನ್ನು ನಮ್ಮ ಕೆಲಸ. ಮಾಲು ಹಡಗಿಗೆ ಏರುವುದು ಪ್ರಯಾಣ ಶುರುವಾಗುವ ದಿನವೇ. ಹೊಟ್ಟೆಯ ಭಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಓಣಿ. ಅಮೆರಿಕದ ಹೆದ್ದಾರಿಯ ಹೆಸರಿನಲ್ಲಿ ಅದನ್ನು ಐ-95 ಅನ್ನುತ್ತಾರೆ. ಅದರಲ್ಲೇ ಪೆಟ್ಟಿಗೆಗಳು ಹೋಗಿ ಮೈನಸ್ 18 ಡಿಗ್ರಿಯ ಕೋಣೆ ಸೇರುತ್ತವೆ. ನಮ್ಮ ಪೆಟ್ಟಿಗೆಯ ಮೇಲೆ ಬಹಾಮಾಸ್, ಬ್ರೆಜಿಲ್, ಹೊಂಡುರಾಸ್ ಅಂತ ಇರುತ್ತಿತ್ತು. ಒಂದೊಂದು ಬಾಲ ಚಿಪ್ಪು ಸೇರಿ 5 ಔನ್ಸ್, ಅಂದರೆ 140 ಗ್ರಾಂ ಆಸುಪಾಸು.

ಲಾಬ್‌ಸ್ಟರ್ ರಾತ್ರಿಗೆ ಒಂದು ದಿನ ಮುಂಚೆ ಪೆಟ್ಟಿಗೆಗಳನ್ನು ಫ್ರೀಜರಿನಿಂದ ತೆಗೆದು 4 ಡಿಗ್ರಿಯ ಕೋಣೆಗೆ ಹಾಕುತ್ತಿದ್ದೆವು. ಮಂಜು ನಿಧಾನಕ್ಕೆ ಬಿಡಬೇಕು. ಅರ್ಜೆಂಟಿಗೆ ಬಿಸಿನೀರಿಗೆ ಹಾಕಿದರೆ ಹೊರಗೆ ಅರ್ಧ ಬೆಂದು ಒಳಗೆ ಕಲ್ಲಾಗಿರುತ್ತದೆ. ಅಂಥ ಆಟ ನಡೆಯುವುದೂ ಇಲ್ಲ. ಅಮೆರಿಕದ ಬಂದರಿನಲ್ಲಿ ಸಿಡಿಸಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ ಇನ್‌ಸ್ಪೆಕ್ಟರುಗಳು ಶುಚಿತ್ವ ನೋಡಲು ಹೇಳದೆ ಕೇಳದೆ ಹತ್ತುತ್ತಾರೆ. ಆ ತಪಾಸಣೆಯನ್ನು ನಾವು ಯುಎಸ್‌ಪಿಎಚ್ ಅನ್ನುತ್ತಿದ್ದೆವು. ನಾನಿದ್ದಾಗ 100ಕ್ಕೆ 85 ಬಂದರೂ ಫೇಲ್! ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದಿದ್ದರೆ ಊರಲ್ಲೇ ಸಿಹಿ ಹಂಚುತ್ತಿದ್ದರು. ಅಂಕ ಜಗತ್ತಿಗೇ ಕಾಣುವ ಹಾಗೆ ಹಾಕುತ್ತಿದ್ದರು ಬೇರೆ.

ಬೆಳಿಗ್ಗೆ ಕತ್ತರಿ ಹಿಡಿದರೆ ಮಧ್ಯಾಹ್ನದವರೆಗೆ ಅದೇ. ಚಿಪ್ಪಿನ ಬೆನ್ನನ್ನು ನಡುಮಧ್ಯ ಕತ್ತರಿಸಿ, ಬೀಸಣಿಗೆಯ ಹತ್ತಿರ ನಿಲ್ಲಿಸಬೇಕು. ಕರುಳಿನ ನರ ಎಳೆದು ಹಾಕಿ, ಮಾಂಸವನ್ನು ಬೆರಳಿನಿಂದ ಬಿಡಿಸಿ ಮೇಲೆತ್ತಿ ಚಿಪ್ಪಿನ ಮೇಲೇ ಕೂರಿಸಬೇಕು. ತುದಿ ಮಾತ್ರ ಅಂಟಿಕೊಂಡಿರಬೇಕು. ಅಡ್ಡಪಲ್ಲಕ್ಕಿಯಲ್ಲಿ ದೇವರನ್ನು ಕೂರಿಸಿದ ಹಾಗೆ. ಮೇಲೆ ಬೆಣ್ಣೆ, ಬೆಳ್ಳುಳ್ಳಿ, ಸ್ವಲ್ಪ ಪ್ಯಾಪ್ರಿಕಾ ಪುಡಿ. ಓವನ್ನಿನಲ್ಲಿ ಮಾಂಸದ ನಡುಭಾಗ 63 ಡಿಗ್ರಿ ಮುಟ್ಟಿದರೆ ಮುಗಿಯಿತು. ಅದಕ್ಕಿಂತ ಮೇಲೆ ಹೋಗುವ ಒಂದೊಂದು ನಿಮಿಷವೂ ನಷ್ಟ.

ನಾನು ಕೆಟ್ಟದಾಗಿ ಎಡವಿದ್ದು ಇದೇ ಹಂತದಲ್ಲಿ. ಅವತ್ತು ಹಡಗು ಗ್ರ್ಯಾಂಡ್ ಕೇಮನ್‌ನಲ್ಲಿತ್ತು. ಅಲ್ಲಿ ದಡಕ್ಕೆ ತಾಗಿಸಲು ಜಾಗವಿಲ್ಲ. ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟು, ಹಾಗೇ ವಾಪಸ್ ಕರೆದುಕೊಂಡು ಬರಬೇಕು. ಸಂಜೆ ಗಾಳಿ ಎದ್ದು ದೋಣಿಗಳು ತಡವಾದವು. ಊಟದ ಹಾಲ್ ಅರ್ಧ ಖಾಲಿ. ನಾನು ಮಾತ್ರ ಗಡಿಯಾರ ನೋಡಿ ಮೊದಲ ಪಾಳಿಯ 600 ಬಾಲ ಓವನ್ನಿಗೆ ತಳ್ಳಿಬಿಟ್ಟಿದ್ದೆ. ಬೆಂದದ್ದನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಕಾದೆ. 40 ನಿಮಿಷ. ಜನ ಬಂದು ಕೂತಾಗ ಒಂದು ತುಂಡು ಬಾಯಿಗೆ ಹಾಕಿಕೊಂಡು ನೋಡಿದೆ. ಹವಾಯಿ ಚಪ್ಪಲಿ. ಬಿಸಾಡಿ ಬೇರೆ ಹಾಕಲು ಮಂಜು ಬಿಟ್ಟ ಬಾಲ ಅಷ್ಟಿರಲಿಲ್ಲ. ಬೆಣ್ಣೆ ಜಾಸ್ತಿ ಸುರಿದು ಕಳಿಸಿದೆವು.

ವೇಟರುಗಳು ತಂದ ದೂರು ಒಂದೇ: ‘ಫ್ರೋಜನ್ ಮಾಲು, ಅದಕ್ಕೇ ಹೀಗೆ.’ ನನಗೆ ಗೊತ್ತಿತ್ತು, ಅದೇ ಪೆಟ್ಟಿಗೆಯ ಬಾಲವನ್ನು ಎರಡನೇ ಪಾಳಿಗೆ ಸರಿಯಾದ ಹೊತ್ತಿಗೆ ಬೇಯಿಸಿದಾಗ ಬೆರಳು ಚೀಪಿಕೊಂಡು ತಿಂದರು. ಫ್ರೀಜರ್ ಮೇಲೆ ಗೂಬೆ ಕೂರಿಸುವುದು ಸುಲಭ. ತಪ್ಪು ನನ್ನದು. ಇವತ್ತಿಗೂ ನನ್ನ ಮೆಸ್ಸಿನಲ್ಲಿ ಗಿರಾಕಿ ಕೂತ ಮೇಲೇ ಮುದ್ದೆ ಕಟ್ಟುವುದು. ಮೊದಲೇ ಕಟ್ಟಿಟ್ಟರೆ ಕೆಲಸ ಬೇಗ ಆಗುತ್ತದೆ ಅಂತ ಹುಡುಗರು ಗೊಣಗುತ್ತಾರೆ. ಗೊಣಗಲಿ.

ಇದನ್ನೆಲ್ಲ ಕೇಳಿ ಮೇಷ್ಟ್ರು ಅಲ್ಲೇ ಮನೆಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

‘ಅಸಲಿನೇ ಅಮ್ಮ, ಸೀಗಡಿ ಅಲ್ಲ’ ಅಂದೆ.

‘ಸರಿ ಬಿಡಪ್ಪ, ನೀನು ಹೇಳಿದ ಮೇಲೆ ಆಯ್ತು. ಆದ್ರೆ ತಣ್ಣಗೆ ಕೊರೀತಿತ್ತು, ಬೆಣ್ಣೆ ಎಲ್ಲ ಗಟ್ಟಿಯಾಗಿ. ಅದೇನು, ಹಂಗೇ ಕೊಡ್ತಾರಾ?’

‘ಇಲ್ಲಮ್ಮ, ಬಿಸಿಬಿಸೀನೇ ಕೊಡ್ತಾರೆ. ಬಂದ ತಕ್ಷಣ ತಿಂದ್ರಾ?’

‘ಎಲ್ಲಿ ತಿನ್ನೋದು? ನಿಮ್ಮ ಮೇಷ್ಟ್ರು ಫೋಟೋ ತೆಗೀತಾ ಕಾಲು ಗಂಟೆ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ.’

ಫೋನ್ ವಾಪಸ್ ಕೊಟ್ಟೆ. ಮೇಷ್ಟ್ರು ಅದನ್ನು ಜೇಬಿಗೆ ಹಾಕಿಕೊಂಡು, ಒಂದು ಮುದ್ದೆ ಹೇಳಿದರು.