ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಗೆ: ಮನೆಯೋ ಆಸ್ಪತ್ರೆಯೋ ಎಂದು ಕೇಳುವ ಮೊದಲು

ಗರ್ಭಿಣಿ ಎಂದು ತಿಳಿದ ವಾರವೇ ನಾನು ಇಲ್ಲಿನ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿ ಹೆರಿಗೆ ಡಾಕ್ಟರನ್ನು ಕಾಣಬೇಕು ಎಂದಿದ್ದೆ. ‘ನಿಮಗೆ ಏನಾದರೂ ಕಾಯಿಲೆ ಇದೆಯೇ?’ ಎಂದು ಆ ಕಡೆಯಾಕೆ ಕೇಳಿದಳು. ಇಲ್ಲ ಎಂದೆ. ‘ಹಾಗಾದರೆ ನಮ್ಮಲ್ಲಿಗೆ ಯಾಕೆ ಬರುತ್ತೀರಿ?’ ಎಂದಳು. ಫೋನ್ ಇಟ್ಟ ಮೇಲೆ ಒಳ್ಳೆಯ ಸಿಟ್ಟು ಬಂತು. ಈ ದೇಶದ ಹೆರಿಗೆ ವ್ಯವಸ್ಥೆಯ ಮುಕ್ಕಾಲು ಪಾಲು ಆ ಒಂದು ಪ್ರಶ್ನೆಯಲ್ಲೇ ಇತ್ತೆಂದು ಅರ್ಥವಾಗಲು ನನಗೆ ಎರಡು ಹೆರಿಗೆ ಬೇಕಾದವು.

ಹೊಸದಾಗಿ ಇಲ್ಲಿಗೆ ಬಂದ ಕನ್ನಡಿಗ ದಂಪತಿಗಳು ಸಾಮಾನ್ಯವಾಗಿ ಗಾಬರಿಯಿಂದಲೇ ಕೇಳುತ್ತಾರೆ: ‘ಇಲ್ಲಿ ಮನೆಯಲ್ಲೇ ಹೆರಬೇಕಂತೆ, ನಿಜವೇ?’ ನಿಜವಲ್ಲ. ಯಾರೂ ಒತ್ತಾಯ ಮಾಡುವುದಿಲ್ಲ. 1960ರ ದಶಕದಲ್ಲಿ ಇಲ್ಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಮನೆಯಲ್ಲೇ ಹುಟ್ಟುತ್ತಿದ್ದವು. ಈಗ ಅದು ನೂರಕ್ಕೆ ಹದಿನೈದರ ಆಸುಪಾಸಿಗೆ ಇಳಿದಿದೆ. ಡಚ್ ಹೆಂಗಸರಲ್ಲೇ ಹೆಚ್ಚಿನವರು ಈಗ ಆಸ್ಪತ್ರೆಯಲ್ಲಿ ಹೆರುತ್ತಾರೆ. ಆದರೂ ಮನೆ ಎಂಬ ಆಯ್ಕೆ ಇಲ್ಲಿ ಹಠಮಾರಿಗಳ ಖಯಾಲಿಯಾಗಿ ಉಳಿದಿಲ್ಲ. ವಿಮೆ, ಕಾನೂನು, ಆಂಬುಲೆನ್ಸ್, ಆಸ್ಪತ್ರೆ ಎಲ್ಲವೂ ಅದನ್ನು ಲೆಕ್ಕಕ್ಕೆ ಹಿಡಿದೇ ನಡೆಯುತ್ತವೆ.

ಮೊದಲು ತಿಳಿಯಬೇಕಾದವಳು ಫರ್ಲೋಸ್‌ಕುಂಡಿಖ. ಇದನ್ನು ‘ಸೂಲಗಿತ್ತಿ’ ಎಂದು ಅನುವಾದಿಸಿಕೊಂಡ ಕೂಡಲೇ ನಮ್ಮ ಮನೆಗಳಲ್ಲಿ ಭಯ ಶುರುವಾಗುತ್ತದೆ. ಈಕೆ ನಾಲ್ಕು ವರ್ಷ ಹೆರಿಗೆಯನ್ನೇ ಓದಿ ಪದವಿ ಪಡೆದು, ವೈದ್ಯರ ಹೆಸರಿರುವ ಅದೇ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿರುವವಳು. ತನ್ನ ಹೊಣೆಯ ಮೇಲೆ ಹೆರಿಗೆ ಮಾಡಿಸುತ್ತಾಳೆ, ಹೊಲಿಗೆ ಹಾಕುತ್ತಾಳೆ. ಆಕೆಯ ಬಳಿ ಹೋಗಲು ಕುಟುಂಬ ವೈದ್ಯರ ಚೀಟಿ ಬೇಡ. ಎಂಟನೇ ವಾರದ ಸುಮಾರಿಗೆ ನೀವೇ ಹತ್ತಿರದ ಕೇಂದ್ರಕ್ಕೆ ಹೆಸರು ಕೊಡಬೇಕು. ಕುಟುಂಬ ವೈದ್ಯರೇ ಕಳಿಸುತ್ತಾರೆಂದು ಕಾಯುತ್ತ ಕೂತು ತಡ ಮಾಡಿಕೊಂಡವರು ನಮ್ಮವರಲ್ಲಿ ಕಡಿಮೆಯೇನಿಲ್ಲ.

ಇಲ್ಲಿ ಆರೈಕೆಗೆ ಎರಡು ಹಂತಗಳಿವೆ. ಫರ್ಲೋಸ್‌ಕುಂಡಿಖ ಮೊದಲ ಹಂತ, ಆಸ್ಪತ್ರೆಯ ಸ್ತ್ರೀರೋಗ ತಜ್ಞರು ಎರಡನೇ ಹಂತ. ಆರೋಗ್ಯವಂತ ಗರ್ಭಿಣಿ ಮೊದಲ ಹಂತದಲ್ಲೇ ಇರುತ್ತಾಳೆ. ತೊಡಕು ಕಂಡರೆ ಮಾತ್ರ ಎರಡನೆಯದಕ್ಕೆ ದಾಟಿಸುತ್ತಾರೆ. ಯಾವುದು ತೊಡಕು ಎಂಬುದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಲಿಖಿತ ಪಟ್ಟಿಯೊಂದಿದೆ. ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ, ಮಗು ಕಾಲು ಕೆಳಗಾಗಿ ಕೂತಿದ್ದರೆ, ಮಧುಮೇಹಕ್ಕೆ ಇನ್ಸುಲಿನ್ ಬೇಕಾಗಿದ್ದರೆ ಹೆರಿಗೆ ತಜ್ಞರ ಕೈಯಲ್ಲೇ ಆಗಬೇಕು. ನಡುವೆ ಇನ್ನೊಂದು ವರ್ಗವಿದೆ: ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದವರು ಅಥವಾ ಮಾಸು ತಾನಾಗಿ ಬೀಳದೆ ಕೈಹಾಕಿ ತೆಗೆಸಿಕೊಂಡಿದ್ದವರು. ಇವರನ್ನು ಫರ್ಲೋಸ್‌ಕುಂಡಿಖಳೇ ನೋಡಿಕೊಳ್ಳಬಹುದು, ಆದರೆ ಹೆರಿಗೆ ಆಸ್ಪತ್ರೆಯ ಕೋಣೆಯಲ್ಲಿ ಆಗಬೇಕು. ಮನೆಯಲ್ಲಿ ಹೆರುವವರಿಗೆ ನೋವು 37ರಿಂದ 42 ವಾರಗಳ ನಡುವೆಯೇ ಬರಬೇಕು.

ನಮಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಗರ್ಭಾವಸ್ಥೆಯ ಮಧುಮೇಹ ಹೆಚ್ಚು ಎಂಬ ಕಾರಣಕ್ಕೆ 24ರಿಂದ 28ನೇ ವಾರದೊಳಗೆ ಗ್ಲುಕೋಸ್ ಕುಡಿಸಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಪಕ್ಕದ ಮನೆಯ ಡಚ್ ಗರ್ಭಿಣಿಗೆ ಹೇಳದ ಪರೀಕ್ಷೆಯನ್ನು ನಿಮಗೆ ಹೇಳಿದರೆ ಬೇಸರಿಸಬೇಡಿ. ಯಾರೂ ಹೇಳದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ. ಮನೆ ಹೆರಿಗೆಯ ಯೋಜನೆ ಇರುವವರಿಗೆ ಇದರ ಫಲಿತಾಂಶ ದಿಕ್ಕನ್ನೇ ಬದಲಿಸಬಹುದು.

ಆದ್ದರಿಂದ ಇಲ್ಲಿ ಸ್ಥಳಕ್ಕಿಂತ ಮೊದಲು ನಿರ್ಧಾರವಾಗುವುದು ನಿಮ್ಮ ಹೊಣೆ ಯಾರದು ಎಂಬುದು. ಮೊದಲ ಹಂತದಲ್ಲೇ ಉಳಿದಿದ್ದರೆ ಮನೆ, ಹೆರಿಗೆ ಕೇಂದ್ರ, ಆಸ್ಪತ್ರೆಯ ಕೋಣೆ ಮೂರೂ ತೆರೆದಿರುತ್ತವೆ; ಮೂರರಲ್ಲೂ ನಿಮ್ಮ ಜೊತೆಗಿರುವುದು ನೀವು ಮೊದಲು ಹೆಸರು ಕೊಟ್ಟ ಕೇಂದ್ರದ ಫರ್ಲೋಸ್‌ಕುಂಡಿಖಳೇ. ನೋವು ಶುರುವಾದ ಮೇಲೂ ಮನಸ್ಸು ಬದಲಿಸಬಹುದು. ಇನ್ನೊಂದು ಮಾತು: ವೈದ್ಯಕೀಯ ಕಾರಣವಿಲ್ಲದೆ ಆಸ್ಪತ್ರೆಯ ಕೋಣೆಯಲ್ಲಿ ಹೆತ್ತರೆ ಅಲ್ಲಿ ಮೂರು ದಿನ ಮಲಗುವ ಪ್ರಶ್ನೆಯೇ ಇಲ್ಲ. ಎಲ್ಲವೂ ಸರಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಮಗುವನ್ನು ಕಾರಿನ ಸೀಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ.

ಹಣದ ವಿಷಯ. ಇಲ್ಲಿ ಎಲ್ಲರೂ ತೆಗೆದುಕೊಳ್ಳಲೇಬೇಕಾದ ಮೂಲ ಆರೋಗ್ಯ ವಿಮೆಯಲ್ಲಿ ಫರ್ಲೋಸ್‌ಕುಂಡಿಖಳ ಆರೈಕೆ ಪೂರ್ತಿ ಸೇರಿದೆ. ವರ್ಷಕ್ಕೆ ಮೊದಲ 385 ಯೂರೊ ಕೈಯಿಂದ ಕೊಡಬೇಕೆಂಬ ನಿಯಮವೂ ಇದಕ್ಕೆ ಅನ್ವಯಿಸುವುದಿಲ್ಲ. ಆದರೆ ರಕ್ತಪರೀಕ್ಷೆ, ಔಷಧ, ಆಂಬುಲೆನ್ಸ್ ಆ 385ರ ಲೆಕ್ಕಕ್ಕೆ ಬೀಳುತ್ತವೆ. ಮನೆಯಲ್ಲಿ ಹೆತ್ತರೆ ಹೆರಿಗೆಗೆಂದು ಏನೂ ಕೊಡಬೇಕಿಲ್ಲ. ವೈದ್ಯಕೀಯ ಕಾರಣಕ್ಕೆ ಆಸ್ಪತ್ರೆಗೆ ಹೋದರೂ ಹಾಗೆಯೇ. ಕಾರಣವಿಲ್ಲದೆ, ಇಷ್ಟಪಟ್ಟು ಆಸ್ಪತ್ರೆಯ ಕೋಣೆ ಆರಿಸಿಕೊಂಡರೆ ಮಾತ್ರ ನೂರಾರು ಯೂರೊ ನಿಮ್ಮ ಪಾಲಿಗೆ ಬರುತ್ತದೆ. ಹೆಚ್ಚುವರಿ ವಿಮೆ ಇದ್ದರೆ ಅದು ಭರಿಸಬಹುದು, ಪತ್ರವನ್ನು ಓದಿ ನೋಡಿ. ದುಡ್ಡು ಉಳಿಯುತ್ತದೆಂದು ಮನೆ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದುಡ್ಡಿಗಾಗಿ ಒಪ್ಪಿಕೊಂಡ ಮನೆಯಲ್ಲಿ ಮೈ ಸಡಿಲಾಗುವುದಿಲ್ಲ.

ಸುರಕ್ಷಿತವೇ ಎಂಬ ಪ್ರಶ್ನೆಗೆ ಅಂಕಿಗಳನ್ನೇ ಮುಂದಿಡುತ್ತೇನೆ. 2009ರಲ್ಲಿ ಪ್ರಕಟವಾದ ಡಚ್ ಅಧ್ಯಯನ 5,29,688 ಕಡಿಮೆ ಅಪಾಯದ ಹೆರಿಗೆಗಳನ್ನು ನೋಡಿ, ಮನೆಯಲ್ಲಿ ಹೆರಲು ಹೊರಟವರಿಗೂ ಆಸ್ಪತ್ರೆಯಲ್ಲಿ ಹೆರಲು ಹೊರಟವರಿಗೂ ಶಿಶುಮರಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. 2011ರ ಇಂಗ್ಲೆಂಡಿನ ಅಧ್ಯಯನ ಚೊಚ್ಚಲು ಹೆರಿಗೆಯನ್ನು ಬೇರೆಯಾಗಿ ನೋಡಿತು. ಅಲ್ಲಿ ಮಗುವಿನ ಸಾವು ಅಥವಾ ಗಂಭೀರ ತೊಂದರೆ ಮನೆ ಹೆರಿಗೆಯ ಯೋಜನೆಯಲ್ಲಿ ಸಾವಿರಕ್ಕೆ 9.3, ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3. ಎರಡನೇ ಮಗುವಿನಿಂದ ಮುಂದಕ್ಕೆ ಅಂಥ ಅಂತರ ಸಿಗಲಿಲ್ಲ. ಎರಡೂ ದೇಶಗಳ ವ್ಯವಸ್ಥೆ ಒಂದೇ ಅಲ್ಲ. ಆದರೂ ಚೊಚ್ಚಲು ಗರ್ಭಿಣಿಯರು ಮೊದಲನೆಯದನ್ನು ಮಾತ್ರ ಓದಿ ಎರಡನೆಯದನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಜೊತೆಗೆ ಇನ್ನೊಂದು ಎಚ್ಚರಿಕೆ: ಈ ಅಂಕಿಗಳು ನಿಂತಿರುವುದು ಫರ್ಲೋಸ್‌ಕುಂಡಿಖಳಂಥ ತರಬೇತಾದ ದಾದಿ, ಹತ್ತಿರದ ಆಸ್ಪತ್ರೆ, ಕರೆದ ತಕ್ಷಣ ಬರುವ ಆಂಬುಲೆನ್ಸ್ ಮೂರೂ ಇರುವ ಕಡೆ. ಇವುಗಳಲ್ಲಿ ಒಂದಿಲ್ಲದ ಊರಿಗೆ ಇದನ್ನು ಹೊತ್ತೊಯ್ಯಬೇಡಿ.

ಅದೇ ಇಂಗ್ಲೆಂಡಿನ ಅಧ್ಯಯನದಲ್ಲಿ ಮನೆಯಲ್ಲಿ ಹೆರಲು ಹೊರಟ ಚೊಚ್ಚಲು ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆ ಅಥವಾ ಹೆತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹಿಂದೆ ಹೆತ್ತವರಲ್ಲಿ ಅದು ನೂರಕ್ಕೆ 12ರಷ್ಟು. ನೆದರ್‌ಲ್ಯಾಂಡ್ಸ್‌ನಲ್ಲೂ ಚೊಚ್ಚಲಿನವರಲ್ಲಿ ಸಾಗಣೆ ಸಾಮಾನ್ಯ. ಈ ಮಾತನ್ನು ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಸಾಗಣೆ ಎಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಸೈರನ್, ನೀಲಿ ದೀಪ, ಓಡುವ ಜನ. ಹೆಚ್ಚಿನ ಸಲ ಕಾರಣ ಅಷ್ಟು ನಾಟಕೀಯವಾಗಿರುವುದಿಲ್ಲ: ಹೆರಿಗೆ ಮುಂದುವರಿಯುತ್ತಿಲ್ಲ, ನೋವು ತಡೆಯಲಾಗುತ್ತಿಲ್ಲ, ನೀರು ಹೋಗಿ 24 ಗಂಟೆಯಾದರೂ ನೋವು ಬಂದಿಲ್ಲ, ಹೋದ ನೀರು ಹಸಿರಾಗಿದೆ. ನನ್ನದು ಕೊನೆಯದು. ಮಗು ಒಳಗೇ ಮಲ ಮಾಡಿದ್ದರಿಂದ ನೀರು ಹಸಿರಾಗಿತ್ತು. ಇನ್ನು ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಸತತವಾಗಿ ನೋಡುತ್ತಿರಬೇಕು ಎಂದು ನನ್ನ ಫರ್ಲೋಸ್‌ಕುಂಡಿಖ ಶಾಂತವಾಗಿ ಹೇಳಿ, ಆಸ್ಪತ್ರೆಗೆ ಫೋನ್ ಮಾಡಿ, ನಮ್ಮ ಕಾರಿನ ಹಿಂದೆಯೇ ತನ್ನ ಕಾರು ತಂದಳು. ನಾನು ಮಾತ್ರ ದಾರಿಯುದ್ದಕ್ಕೂ ಸೋತೆನೆಂದು ಅಳುತ್ತಿದ್ದೆ. ಮೊದಲ ಹೆರಿಗೆಯನ್ನು ಮನೆಯಲ್ಲಿ ಯೋಚಿಸುವವರು ಆಸ್ಪತ್ರೆಯ ಚೀಲವನ್ನೂ ಕಟ್ಟಿಡಿ, ಅದನ್ನು ಬಾಗಿಲ ಬಳಿಯೇ ಇಡಿ. ಅರ್ಧದಷ್ಟು ಸಾಧ್ಯತೆ ಇರುವುದನ್ನು ಅಪವಾದವೆಂದುಕೊಂಡಿದ್ದೇ ನನ್ನ ತಪ್ಪು.

ಮನೆಯಲ್ಲಿ ಸಿಗದಿರುವುದು ಬೆನ್ನುಹುರಿಯ ಅರಿವಳಿಕೆ. ಅದು ಆಸ್ಪತ್ರೆಯಲ್ಲಿ ಮಾತ್ರ. ಕೆಲವು ಹೆರಿಗೆ ಕೇಂದ್ರಗಳಲ್ಲಿ ಉಸಿರಿನ ಮೂಲಕ ತೆಗೆದುಕೊಳ್ಳುವ ನಗೆ ಅನಿಲ ಸಿಗುತ್ತದೆ. ಬಾಡಿಗೆಗೆ ತಂದ ನೀರಿನ ತೊಟ್ಟಿ ಕೆಲವರಿಗೆ ಬಹಳ ಹಿತವಾಗುತ್ತದೆ. ನೋವಿಗೆ ಇಂಜೆಕ್ಷನ್ ಬೇಕೇ ಬೇಕು ಎಂದು ಈಗಲೇ ಗೊತ್ತಿರುವವರು ಮನೆಯ ಯೋಚನೆ ಬಿಡಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಮನೆಯ ಸಿದ್ಧತೆ. 37ನೇ ವಾರದ ಹೊತ್ತಿಗೆ ಮಂಚ 70ರಿಂದ 80 ಸೆಂಟಿಮೀಟರ್ ಎತ್ತರಕ್ಕೆ ಏರಿರಬೇಕು. ಕ್ಲಾಸನ್ ಎಂಬ ದಿಮ್ಮಿಗಳನ್ನು ಆರೈಕೆ ಸಾಮಗ್ರಿಯ ಅಂಗಡಿಯಿಂದ ಬಾಡಿಗೆಗೆ ತಂದು ಕಾಲುಗಳ ಕೆಳಗೆ ಇಡುತ್ತಾರೆ. ಇದು ನಿಮಗಾಗಿ ಎಂದುಕೊಳ್ಳಬೇಡಿ, ಬಗ್ಗಿ ಕೆಲಸ ಮಾಡುವವರ ಬೆನ್ನಿಗಾಗಿ. ಆಸ್ಪತ್ರೆಯಲ್ಲಿ ಹೆತ್ತರೂ ಮನೆಯ ಬಾಣಂತನಕ್ಕೆ ಇದು ಬೇಕೇ ಬೇಕು. ರಾತ್ರಿ ಎದ್ದ ನನ್ನ ಗಂಡ ಮಂಚ ಏರಿದ್ದನ್ನು ಮರೆತು ಕಾಲು ನೆಲಕ್ಕೆ ಸಿಗದೆ ಬಿದ್ದದ್ದು ಆ ತಿಂಗಳ ಏಕೈಕ ಅಪಘಾತ. ವಿಮೆಯವರಲ್ಲಿ ಹಲವರು ಕ್ರಾಮ್‌ಪಕೆಟ್ ಎಂಬ ಡಬ್ಬಿ ಕಳಿಸುತ್ತಾರೆ. ಹಾಸಿಗೆಯ ಮೇಲೆ ಹಾಸುವ ಪ್ಯಾಡು, ಹತ್ತಿ, ಹೊಕ್ಕುಳಬಳ್ಳಿಯ ಕ್ಲಿಪ್ಪು ಅದರಲ್ಲಿರುತ್ತವೆ. ಇದರ ಮೇಲೆ ಬೇಕಾದದ್ದು ಪ್ರಖರವಾದ ದೀಪ, ಬಕೆಟ್, ಕಸದ ಚೀಲ, ತೊಟ್ಟಿಲು ಬೆಚ್ಚಗಿಡಲು ಬಿಸಿನೀರಿನ ಲೋಹದ ಬಾಟಲಿ. ಮನೆಯ ನಂಬರು ಕತ್ತಲಲ್ಲೂ ಬೀದಿಯಿಂದ ಕಾಣುವಂತಿರಲಿ.

ಮೆಟ್ಟಿಲನ್ನು ಮರೆಯಬೇಡಿ. ಹಳೆಯ ಡಚ್ ಮನೆಗಳ ಮೆಟ್ಟಿಲು ಏಣಿಗಿಂತ ಹೆಚ್ಚು ಬೇರೆಯಲ್ಲ. ಅಲ್ಲಿಂದ ಸ್ಟ್ರೆಚರ್ ಇಳಿಸಲು ಆಗದಿದ್ದರೆ ಅಗ್ನಿಶಾಮಕ ದಳದ ವಾಹನ ಬಂದು ಕಿಟಕಿಯಿಂದ ಇಳಿಸುವುದುಂಟು. ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿರುವವರು ಈ ಮಾತನ್ನು ಮೊದಲೇ ಎತ್ತಿ. 34ನೇ ವಾರದಲ್ಲಿ ಮನೆ ನೋಡಲು ಬಂದ ನನ್ನ ಫರ್ಲೋಸ್‌ಕುಂಡಿಖ ಮೊದಲು ನೋಡಿದ್ದೇ ಮೆಟ್ಟಿಲನ್ನು, ಆಮೇಲೆ ನನ್ನನ್ನು.

ಯಾವಾಗ ಕರೆಯಬೇಕು ಎಂಬುದನ್ನು ಆಕೆ ಬರೆದುಕೊಡುತ್ತಾಳೆ. ಸಾಮಾನ್ಯವಾಗಿ ಮೂರರಿಂದ ಐದು ನಿಮಿಷಕ್ಕೊಮ್ಮೆ ಬರುವ, ಒಂದು ನಿಮಿಷ ಇರುವ ನೋವು ಚೊಚ್ಚಲಿನವರಿಗೆ ಎರಡು ಗಂಟೆ, ಹಿಂದೆ ಹೆತ್ತವರಿಗೆ ಒಂದು ಗಂಟೆ ಮುಂದುವರಿದಾಗ. ರಕ್ತ ಹೋದರೆ, ನೀರು ಹಸಿರು ಅಥವಾ ಕಂದು ಬಣ್ಣದಲ್ಲಿದ್ದರೆ, ಮಗುವಿನ ಚಲನೆ ಕಡಿಮೆಯಾದರೆ ಮಾತ್ರ ಗಂಟೆ ಎಣಿಸದೆ ಆ ಕ್ಷಣವೇ. ಆಕೆಯ ಚೀಲದಲ್ಲಿ ಆಮ್ಲಜನಕ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್, ಮಗುವಿಗೆ ಉಸಿರು ಕೊಡುವ ಮಾಸ್ಕ್, ಹೊಲಿಗೆಯ ಸಾಮಾನು ಇರುತ್ತವೆ. ಎರಡನೇ ಮಗು ಮನೆಯಲ್ಲೇ ಹುಟ್ಟಿತು. ಬೆಳಗಿನ ಜಾವ ನಾಲ್ಕಕ್ಕೆ ಆಕೆ ಬಂದಾಗ ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದೆ; ಆರೂವರೆಗೆ ಮಗು ಎದೆಯ ಮೇಲಿತ್ತು. ಅಷ್ಟೇ, ಹೇಳಲು ಹೆಚ್ಚೇನಿಲ್ಲ.

ಈ ದೇಶದಿಂದ ಏನನ್ನಾದರೂ ಕದ್ದೊಯ್ಯಬಹುದಾದರೆ ನಾನು ಕ್ರಾಮ್‌ಜೋರ್ಖ್ ಕದಿಯುತ್ತೇನೆ. ಹೆರಿಗೆ ಎಲ್ಲೇ ಆಗಲಿ, ತರಬೇತಾದ ಸಹಾಯಕಿಯೊಬ್ಬಳು ಎಂಟರಿಂದ ಹತ್ತು ದಿನ ಮನೆಗೆ ಬರುತ್ತಾಳೆ. ಮನೆ ಹೆರಿಗೆಯಾದರೆ ಹೆರಿಗೆಗೇ ಬಂದು ಫರ್ಲೋಸ್‌ಕುಂಡಿಖಳಿಗೆ ನೆರವಾಗುತ್ತಾಳೆ. ಕನಿಷ್ಠ 24 ಗಂಟೆ, ಸಾಮಾನ್ಯವಾಗಿ ಒಟ್ಟು 49 ಗಂಟೆ. ತಾಯಿಯ ಹೊಲಿಗೆ, ಮಗುವಿನ ತೂಕ, ಕಾಮಾಲೆಯ ಹಳದಿ ಎಲ್ಲ ನೋಡುತ್ತಾಳೆ, ಹಾಲೂಡಿಸಲು ಕಲಿಸುತ್ತಾಳೆ, ಶೌಚಾಲಯವನ್ನೂ ತೊಳೆಯುತ್ತಾಳೆ. ಗಂಟೆಗೆ 5 ಯೂರೊಗಿಂತ ತುಸು ಹೆಚ್ಚು ನಿಮ್ಮ ಪಾಲು, ಉಳಿದದ್ದು ವಿಮೆಯದು. ಮೂರನೇ ತಿಂಗಳು ಮುಗಿಯುವ ಹೊತ್ತಿಗೇ ಹೆಸರು ಬರೆಸಿ. ತಡವಾದರೆ ಜನರ ಕೊರತೆಯಿಂದ ಗಂಟೆಗಳು ಕಡಿತವಾಗುತ್ತವೆ. ‘ಅಮ್ಮ ಬರುತ್ತಾರಲ್ಲ, ಈಕೆ ಯಾಕೆ?’ ಎಂದು ಬೇಡವೆನ್ನಬೇಡಿ. ಅಮ್ಮನ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನಕ್ಕಷ್ಟೇ. ಮೊದಲ ವಾರ ಈಕೆಯ ಕೈಗೆ ಬಿಟ್ಟು ಅಮ್ಮನನ್ನು ಆಮೇಲೆ ಕರೆಸಿಕೊಂಡರೆ ಬಾಣಂತನ ಉದ್ದವಾಗುತ್ತದೆ. ತಂದೆಗೆ ಪೂರ್ತಿ ಸಂಬಳದ ಒಂದು ವಾರ, ಜೊತೆಗೆ ಮೊದಲ ಆರು ತಿಂಗಳೊಳಗೆ ಶೇ 70ರ ಲೆಕ್ಕದಲ್ಲಿ ಐದು ವಾರ ರಜೆಯಿದೆ.

ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಯುವ ಪರೀಕ್ಷೆಗೂ ಮೊದಲ ವಾರದಲ್ಲಿ ಸಾಮಾನ್ಯವಾಗಿ ಮನೆಗೇ ಬರುತ್ತಾರೆ. ಆದರೆ ಜನನ ನೋಂದಣಿಗೆ ನೀವೇ ಹೋಗಬೇಕು, ಅದೂ ಮೂರು ದಿನದೊಳಗೆ, ಮಗು ಹುಟ್ಟಿದ ಊರಿನ ನಗರಸಭೆಗೆ. ಮನೆಯಲ್ಲಿ ಹುಟ್ಟಿದರೆ ನಿಮ್ಮೂರಿನದು. ಪಕ್ಕದೂರಿನ ಆಸ್ಪತ್ರೆಗೆ ಸಾಗಿಸಿದ್ದರೆ ಪಕ್ಕದೂರಿನದು. ನಮ್ಮ ಮೊದಲ ಮಗುವಿಗೆ ನನ್ನ ಗಂಡ ತಪ್ಪು ಕಚೇರಿಯಲ್ಲಿ ಸರದಿ ನಿಂತು ಒಂದು ಬೆಳಗು ಕಳೆದುಕೊಂಡರು. ಅಲ್ಲೇ ಬಹುಭಾಷಾ ಜನನ ಪತ್ರವನ್ನೂ ಕೇಳಿ ಪಡೆಯಿರಿ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಡಚ್ ಪೌರತ್ವ ಬರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೆ ಹೇಗ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಮಗುವಿಗೆ ಇಲ್ಲಿನ ವಾಸದ ಪರವಾನಗಿಗೆ ಬೇರೆ ಅರ್ಜಿ ಹಾಕಬೇಕು. ನಾಲ್ಕು ತಿಂಗಳೊಳಗೆ ಮಗುವಿನ ಹೆಸರನ್ನು ವಿಮೆಗೂ ಸೇರಿಸಿ. ಹದಿನೆಂಟು ತುಂಬುವವರೆಗೆ ಅದಕ್ಕೆ ಕಂತಿಲ್ಲ.