ಮನೆ ಹತ್ತಿರದ ಯೋಗ ಕ್ಲಾಸಿಗೆ ಸೇರಿ, ಅಲ್ಲೇ ಉಳಿಯೋದು ಹೇಗೆ

"ಸ್ವಲ್ಪ ತೂಕ ಇಳಿಸ್ಕೊಂಡು ಆಮೇಲೆ ಯೋಗಕ್ಕೆ ಬರ್ತೀನಿ." ನಮ್ಮ ಕ್ಲಾಸಿನಲ್ಲಿ ಯಾರನ್ನೇ ಕೇಳಿ, ಹೀಗೆ ಹೇಳೋ ಒಬ್ಬ ಅಕ್ಕನೋ ಭಾವನೋ ಅವರ ಮನೆಯಲ್ಲಿ ಇದ್ದೇ ಇರುತ್ತಾರೆ. ಮಂಡಿ ನೋವು ಹೋಗಲಿ ಆಮೇಲೆ, ಮಗಳ ಪರೀಕ್ಷೆ ಮುಗೀಲಿ ಆಮೇಲೆ, ಮೈ ಸ್ವಲ್ಪ ಬಗ್ಗೋ ಹಾಗಾಗಲಿ ಆಮೇಲೆ. ನೀವೂ ಇಂಥದ್ದೊಂದು ಕಾರಣ ಇಟ್ಟುಕೊಂಡು ಕಾಯುತ್ತಿದ್ದರೆ ಇದು ನಿಮಗಾಗಿಯೇ ಬರೆದದ್ದು. ಈಗ ಇರೋ ಮೈಯಲ್ಲೇ, ಈ ವಾರವೇ ಹೋಗಿ. ಯಾವ ಕ್ಲಾಸಿಗೆ ಹೋಗಬೇಕು, ಹೋದ ಮೇಲೆ ನಾಚಿಕೆ ಇಲ್ಲದೆ ಮ್ಯಾಟ್ ಮೇಲೆ ನಿಲ್ಲೋದು ಹೇಗೆ, ಅಲ್ಲಿರೋ ಜನರ ಜೊತೆ ಸೇರೋದು ಹೇಗೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಕ್ಲಾಸ್ ಹುಡುಕೋದು

ಮೊದಲು ದೂರ ನೋಡಿ. ಬೆಂಗಳೂರಿನಲ್ಲಿ ನಡೆದು ಹೋಗಬಹುದಾದ ಕ್ಲಾಸೇ ಒಳ್ಳೆಯ ಕ್ಲಾಸ್. ಜಯನಗರದಲ್ಲಿ ಮನೆ ಇದ್ದು ಇಂದಿರಾನಗರದ ದೊಡ್ಡ ಸ್ಟುಡಿಯೋಗೆ ದುಡ್ಡು ಕಟ್ಟಿದರೆ, ಜೋರು ಮಳೆ ಬಂದ ಮೊದಲ ಸಂಜೆಯೇ ಕ್ಲಾಸ್ ತಪ್ಪುತ್ತದೆ, ಆಮೇಲೆ ತಪ್ಪೋದೇ ರೂಢಿಯಾಗುತ್ತದೆ. ಹತ್ತು ನಿಮಿಷ ನಡೆದರೆ ಸಿಗೋದು ಮೆಡಿಕಲ್ ಶಾಪ್ ಮೇಲಿನ ಒಂದು ಸಣ್ಣ ಹಾಲ್ ಆದರೂ ಪರವಾಗಿಲ್ಲ, ಅಲ್ಲಿಗೇ ಹೋಗಿ.

ಫೀಸ್ ಕಟ್ಟೋದು ಕಷ್ಟ ಅನ್ನೋರಿಗೂ ದಾರಿ ಇದೆ. 1980ರಲ್ಲಿ ತುಮಕೂರಿನಲ್ಲಿ ಶುರುವಾದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೆಳಗಿನ ಜಾವ ಉಚಿತವಾಗಿ ಹೇಳಿಕೊಡುತ್ತಾರೆ. ದೇವಸ್ಥಾನದ ಹಾಲ್, ಶಾಲೆ, ಪಾರ್ಕ್, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ನಿಮ್ಮ ಏರಿಯಾದ ಪಾರ್ಕಿನಲ್ಲಿ ಬೆಳಿಗ್ಗೆ ವಾಕ್ ಮಾಡೋ ಹಿರಿಯರನ್ನ ಕೇಳಿ, ಎಲ್ಲಿ ನಡೆಯುತ್ತದೆ ಅಂತ ಹೇಳುತ್ತಾರೆ.

ದುಡ್ಡು ಕಟ್ಟೋ ಕ್ಲಾಸಾದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಅರ್ಧಕ್ಕರ್ಧ ಕಡಿಮೆ ಅಂತ ಹೇಳಿದರೂ ಸರಿ, ಒಂದೇ ತಿಂಗಳು.

ಸೇರೋ ಮುಂಚೆ ಒಂದು ದಿನ ಹೋಗಿ ಮೂಲೆಯಲ್ಲಿ ಕೂತು ನೋಡಿ. ಒಳ್ಳೆಯ ಮೇಷ್ಟ್ರು ಯಾರೂ ಬೇಡ ಅನ್ನಲ್ಲ. ಸಲೀಸಾಗಿ ಬಗ್ಗೋರನ್ನ ನೋಡಿದರೆ ನಿಮಗೇನೂ ಗೊತ್ತಾಗಲ್ಲ, ಬಗ್ಗೋಕಾಗದವರ ಹತ್ತಿರ ಮೇಷ್ಟ್ರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದನ್ನ ಗಮನಿಸಿ. ಅವರಿಗೆ ಗೋಡೆಯನ್ನೋ ಕುರ್ಚಿಯನ್ನೋ ಕೊಡುತ್ತಾರಾ, ಅಥವಾ ಎಲ್ಲರ ಮುಂದೆ "ಹೊಟ್ಟೆ ಕರಗಿಸಿ ಮೊದಲು" ಅನ್ನುತ್ತಾರಾ? ಮೈ ಮುಟ್ಟಿ ಸರಿ ಮಾಡೋ ಮುಂಚೆ ಕೇಳುತ್ತಾರಾ? ಕೊನೆಯಲ್ಲಿ ಸುಮ್ನೆ ಅಂಗಾತ ಮಲಗೋ ಶವಾಸನಕ್ಕೆ ಸರಿಯಾಗಿ ಸಮಯ ಕೊಡುತ್ತಾರಾ, ಇಲ್ಲ ಮುಂದಿನ ಬ್ಯಾಚಿನವರು ಬಾಗಿಲಲ್ಲಿ ನಿಂತಿದ್ದಾರೆ ಅಂತ ಎಬ್ಬಿಸಿ ಕಳಿಸುತ್ತಾರಾ? ಇಷ್ಟು ನೋಡಿದರೆ ಸಾಕು, ಗೋಡೆ ಮೇಲೆ ಎಷ್ಟು ಸರ್ಟಿಫಿಕೇಟ್ ತೂಗಿದೆ ಅಂತ ಎಣಿಸೋ ಅಗತ್ಯವಿಲ್ಲ.

ಹೋಗೋ ಮುಂಚೆ

ಮ್ಯಾಟ್ ಆರು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಸಾಕು. ಮಂಡಿ ನೋಯುವವರು 6 ಎಂಎಂ ದಪ್ಪದ್ದು ತಗೊಳ್ಳಿ, ಉಳಿದವರಿಗೆ 4 ಎಂಎಂ ಸಾಕು, ತುಂಬಾ ದಪ್ಪ ಇದ್ದರೆ ಒಂಟಿ ಕಾಲಲ್ಲಿ ನಿಲ್ಲುವಾಗ ಅಲ್ಲಾಡುತ್ತದೆ. ಬಟ್ಟೆಗೆ ಅಂತ ಖರ್ಚು ಮಾಡಬೇಡಿ. ಸಡಿಲವಾದ ಚೂಡಿದಾರ್, ಹಳೆ ಟ್ರ್ಯಾಕ್ ಪ್ಯಾಂಟ್, ಕಾಟನ್ ಟೀ ಶರ್ಟ್, ಯಾವುದಾದರೂ ಆಗುತ್ತದೆ. ಮನೆಯಿಂದ ಒಂದು ಹಳೆ ಬೆಡ್‌ಶೀಟ್ ತನ್ನಿ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಊಟ ಮಾಡಿ ಮೂರ್ನಾಲ್ಕು ಗಂಟೆ ಆಗಿರಬೇಕು. ಬೆಳಗಿನ ಬ್ಯಾಚಿಗೆ ಬರೀ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ ಅನ್ನೋರು ಅರ್ಧ ಬಾಳೆಹಣ್ಣು ತಿಂದು ಬನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟೆಯ ವಿಷಯ ಡಾಕ್ಟರನ್ನ ಕೇಳಿಕೊಂಡೇ ಬನ್ನಿ.

ಮೊದಲ ದಿನವೇ ಮೇಷ್ಟ್ರನ್ನ ಪಕ್ಕಕ್ಕೆ ಕರೆದು ಮೈಯ ವಿಷಯ ಎಲ್ಲ ಹೇಳಿಬಿಡಿ, ಇದರಲ್ಲಿ ಸಂಕೋಚ ಬೇಡ. ಬಿಪಿ ಜಾಸ್ತಿ ಇರೋರು, ಗ್ಲಾಕೋಮಾ (ಕಣ್ಣಿನ ನರಕ್ಕೆ ಪೆಟ್ಟಾಗೋ ಕಾಯಿಲೆ) ಇರೋರು ಶೀರ್ಷಾಸನದಂಥ ತಲೆಕೆಳಗಾಗೋ ಆಸನ ಮಾಡಬಾರದು. ಸ್ಲಿಪ್ ಡಿಸ್ಕ್ ಇರೋರು ಮುಂದಕ್ಕೆ ಜೋರಾಗಿ ಬಗ್ಗಬಾರದು. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರೋರಿಗೆ, ಬಸುರಿಯರಿಗೆ ರಭಸವಾಗಿ ಉಸಿರು ಹೊರಹಾಕೋ ಕಪಾಲಭಾತಿ ಬೇಡ. ಆಪರೇಷನ್ ಆಗಿದ್ದರೆ ಯಾವಾಗ ಆಯ್ತು, ಎಲ್ಲಿ ಆಯ್ತು ಅಂತಲೂ ಹೇಳಿ. ಸಿಸೇರಿಯನ್ ಆಗಿ ಎಷ್ಟೋ ವರ್ಷ ಆಯ್ತಲ್ಲ, ಈಗ್ಯಾಕೆ ಹೇಳಬೇಕು ಅಂತ ಬಿಡಬೇಡಿ, ಅದನ್ನೂ ಹೇಳಿ.

ಮ್ಯಾಟ್ ಮೇಲೆ

ಈಗ ನಿಜವಾದ ವಿಷಯಕ್ಕೆ ಬರೋಣ. ಹೊಸಬರು ಕ್ಲಾಸ್ ಬಿಡೋದು ಮೈ ನೋವಿಗಿಂತ ಜಾಸ್ತಿ ಪಕ್ಕದ ಮ್ಯಾಟಿನಿಂದ. ಪಕ್ಕದವರ ಹಣೆ ಮಂಡಿಗೆ ತಾಗುತ್ತಿದೆ, ನನ್ನ ಕೈ ಮಂಡಿ ಕೂಡ ದಾಟುತ್ತಿಲ್ಲ. ಆ ಒಂದು ನೋಟದಲ್ಲಿ ಮನಸ್ಸು ಕುಗ್ಗಿಹೋಗುತ್ತದೆ.

ತ್ರಿಕೋನಾಸನ ತಗೊಳ್ಳಿ. ಕಾಲು ಅಗಲಿಸಿ, ಬಲಪಾದ ಹೊರಗೆ ತಿರುಗಿಸಿ, ಸೊಂಟದಿಂದ ಬಲಕ್ಕೆ ಬಾಗುತ್ತೀರಿ. ಎಲ್ಲರ ಕಣ್ಣೂ ನೆಲದ ಮೇಲೆಯೇ. ಕೈ ನೆಲ ಮುಟ್ಟಲೇಬೇಕು ಅಂತ ಹಟಕ್ಕೆ ಬಿದ್ದರೆ ಎದೆ ನೆಲದ ಕಡೆ ತಿರುಗುತ್ತದೆ, ಮಂಡಿ ಮಡಚಿಕೊಳ್ಳುತ್ತದೆ, ಕತ್ತು ಬಿಗಿಯುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಅದೇ ಕೈಯನ್ನ ಮಂಡಿಗಿಂತ ಸ್ವಲ್ಪ ಕೆಳಗೆ ಕಾಲಿನ ಮೇಲೆ ಮೆಲ್ಲಗೆ ಇಡಿ, ಇಲ್ಲ ಪಾದದ ಪಕ್ಕ ಇಟ್ಟಿಗೆ ಆಕಾರದ ಒಂದು ಬ್ಲಾಕ್ ಇಟ್ಟು ಅದರ ಮೇಲೆ ಇಡಿ. ತಕ್ಷಣ ಎದೆ ತೆರೆದುಕೊಳ್ಳುತ್ತದೆ, ಎಡಗೈ ಮೇಲೆ ಹೋಗುತ್ತದೆ, ಪಕ್ಕೆ ಉದ್ದವಾಗುತ್ತದೆ, ಉಸಿರು ಸರಾಗವಾಗಿ ಆಡುತ್ತದೆ. ನೆಲ ಮುಟ್ಟದೆಯೇ ತ್ರಿಕೋನಾಸನದ ಕೆಲಸ ಪೂರ್ತಿ ಆಯಿತು.

ಬ್ಲಾಕ್, ಬೆಲ್ಟ್, ಕುರ್ಚಿ ಬಳಸೋದು ಕೈಲಾಗದವರ ಲಕ್ಷಣ ಅಂತ ಎಷ್ಟೋ ಜನ ಮುಟ್ಟೋದೇ ಇಲ್ಲ. ಈ ಸಾಮಾನುಗಳನ್ನ ಯೋಗದೊಳಗೆ ಇಷ್ಟರಮಟ್ಟಿಗೆ ತಂದವರು ಬಿ. ಕೆ. ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಸೊರಗಿಹೋಗಿದ್ದ ಹುಡುಗ, ಮೈಸೂರಿನಲ್ಲಿ ಭಾವ, ಯೋಗ ಗುರು ಕೃಷ್ಣಮಾಚಾರ್ಯರ ಹತ್ತಿರ ಯೋಗ ಶುರು ಮಾಡಿದರು. ಕಾಯಿಲೆ ಮೈ, ಬಿಗಿ ಮೈ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಗ್ಗ, ಬೆಲ್ಟ್, ಮರದ ಇಟ್ಟಿಗೆ, ಕಂಬಳಿ, ಕುರ್ಚಿ ಎಲ್ಲವನ್ನೂ ಬಳಸಿ ವಯಸ್ಸಾದವರಿಗೂ ಕಾಯಿಲೆಯವರಿಗೂ ಆಸನ ಮಾಡಿಸಿದರು, 95 ವರ್ಷ ಬದುಕಿದರು. ಹಾಗಾಗಿ ಬ್ಲಾಕ್ ಕೇಳಿ ತಗೊಳ್ಳಿ, ಧೈರ್ಯವಾಗಿ.

ಇನ್ನೊಂದು ಮಾತು. ಎಲ್ಲರ ಮೈ ಒಂದೇ ಅಳತೆಯಲ್ಲಿ ಇಲ್ಲ. ಕೆಲವರಿಗೆ ಕೈ ಉದ್ದ ಬೆನ್ನು ಗಿಡ್ಡ, ಕೆಲವರಿಗೆ ಉಲ್ಟಾ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋ ಪಶ್ಚಿಮೋತ್ತಾನಾಸನದಲ್ಲಿ ಬೆರಳು ಎಲ್ಲಿಗೆ ಮುಟ್ಟುತ್ತದೆ ಅನ್ನೋದನ್ನ ಇದೂ ತೀರ್ಮಾನ ಮಾಡುತ್ತದೆ. ಕೈ ಕಾಲು ನೆಲಕ್ಕೆ ಊರಿ ಸೊಂಟ ಮೇಲೆತ್ತೋ ಅಧೋಮುಖ ಶ್ವಾನಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲ ಅಂದರೆ ಮೀನಖಂಡ ಬಿಗಿಯಾಗಿರಬಹುದು, ಅದು ಅಭ್ಯಾಸದಿಂದ ಸಡಿಲವಾಗುತ್ತದೆ. ಆದರೆ ಪಾದದ ಕೀಲಿನ ಮೂಳೆಗಳ ಆಕಾರವೇ ಹಾಗಿದ್ದರೆ ಎಷ್ಟು ವರ್ಷ ಮಾಡಿದರೂ ತಾಗಲ್ಲ, ತಾಗಬೇಕಾಗಿಯೂ ಇಲ್ಲ. ಸೊಂಟದ ಕೀಲೂ ಅಷ್ಟೇ, ಒಬ್ಬೊಬ್ಬರದು ಒಂದೊಂದು ಥರ, ಪದ್ಮಾಸನ ಕೆಲವರಿಗೆ ಕೂಡಿ ಬರೋದೇ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಬೆನ್ನು ಬಗ್ಗದೇ ಇರೋದಕ್ಕೂ ಕಾರಣ ಇದೆ: ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಸಂಜೆ ಬ್ಯಾಚಿನಲ್ಲಿ ಬಗ್ಗಿದಷ್ಟು ಬೆಳಿಗ್ಗೆ ಬಗ್ಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಎದ್ದ ಮೊದಲ ಗಂಟೆಯಲ್ಲಿ ಬೆನ್ನಿನ ಮೇಲೆ ಜೋರು ಮಾಡಲೂ ಬೇಡಿ.

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ಉಸಿರನ್ನ ಕೇಳಿ. ಮೂಗಿನಿಂದ ಸದ್ದಿಲ್ಲದೆ ಉಸಿರಾಡೋಕೆ ಆಗುತ್ತಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಉಸಿರು ಬಿಗಿ ಹಿಡಿದಿದ್ದೀರಿ ಅಂತ ಗೊತ್ತಾದ ಕೂಡಲೇ ಸ್ವಲ್ಪ ಹಿಂದೆ ಬನ್ನಿ. ತೊಡೆಯ ಮಧ್ಯದಲ್ಲಿ ಎಳೆದ ಹಾಗಾದರೆ ಪರವಾಗಿಲ್ಲ. ಕೀಲಿನ ಒಳಗೆ ಚುಚ್ಚಿದ ಹಾಗೆ, ಕಾಲಿಗೆ ಕರೆಂಟ್ ಹೊಡೆದ ಹಾಗೆ ಆದರೆ ತಕ್ಷಣ ಬಿಟ್ಟುಬಿಡಿ, ಮೇಷ್ಟ್ರಿಗೆ ಹೇಳಿ. ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರೋ ವಜ್ರಾಸನ ಆಗಲ್ವಾ? ತಂದ ಬೆಡ್‌ಶೀಟ್ ಮಡಚಿ ಹಿಮ್ಮಡಿಗೂ ಕುಂಡಿಗೂ ಮಧ್ಯೆ ಇಟ್ಟುಕೊಳ್ಳಿ. ಚಕ್ಕಳಮಕ್ಕಳ ಹಾಕಿ ಕೂರೋ ಸುಖಾಸನದಲ್ಲಿ ಮಂಡಿ ಮೇಲೆದ್ದು ನಿಂತರೆ ಅದೇ ಬೆಡ್‌ಶೀಟ್ ಮೇಲೆ ಎತ್ತರವಾಗಿ ಕೂತುಕೊಳ್ಳಿ. ಶವಾಸನದಲ್ಲಿ ಸೊಂಟ ನೋಯುವವರು ಅದನ್ನೇ ಸುರುಳಿ ಸುತ್ತಿ ಮಂಡಿ ಕೆಳಗೆ ಇಟ್ಟುಕೊಳ್ಳಿ.

ಶವಾಸನದಲ್ಲಿ ಕೆಲವರಿಗೆ ಅಳು ಬರುತ್ತದೆ. ದಿನವಿಡೀ ಆಫೀಸು, ಟ್ರಾಫಿಕ್, ಮನೆ ಅಂತ ಓಡಾಡಿ ಒಂದೈದು ನಿಮಿಷ ಸುಮ್ನೆ ಮಲಗಿದಾಗ ತಡೆದಿಟ್ಟಿದ್ದು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಪಕ್ಕದವರು ಅಳುತ್ತಿದ್ದರೆ ಆಗಲೇ ಏನಾಯ್ತು ಅಂತ ಕೇಳಬೇಡಿ. ಕ್ಲಾಸ್ ಮುಗಿದ ಮೇಲೆ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ, ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ.

ಜನರ ಜೊತೆ

ನಮ್ಮಲ್ಲಿ ಪ್ರೀತಿಗೇ ಕೇಳುತ್ತಾರೆ, "ಏನ್ರೀ, ದಪ್ಪ ಆಗಿದೀರಲ್ಲ?" ಅಂತ. ಕೇಳಿಸಿಕೊಂಡವರು ಆ ದಿನ ಪೂರ್ತಿ ಕನ್ನಡಿ ನೋಡಲ್ಲ. ಕ್ಲಾಸಿನಲ್ಲಿ ಯಾರಾದರೂ ಹೀಗೆ ಅಂದರೆ "ಚೆನ್ನಾಗಿದೀನಿ ಆಂಟಿ, ನಿಮ್ಮ ಮಂಡಿ ಹೇಗಿದೆ ಈಗ?" ಅಂತ ಮಾತು ತಿರುಗಿಸಿ. ಮತ್ತೆ ಮತ್ತೆ ಅಂದರೆ ಮೇಷ್ಟ್ರ ಕಿವಿಗೆ ಹಾಕಿ. ಹಾಲಿನೊಳಗೆ ಯಾರ ಮೈಯ ಗಾತ್ರದ ಮಾತೂ ಬೇಡ ಅಂತ ಮೇಷ್ಟ್ರು ಒಂದು ಸಲ ಎಲ್ಲರಿಗೂ ಹೇಳಿದರೆ ಮುಗಿಯಿತು. ಹೊಗಳಿಕೆಯಲ್ಲೂ ಹುಷಾರಾಗಿರಿ. "ಎಷ್ಟು ಸಣ್ಣ ಆಗಿದೀರಿ, ಸೂಪರ್!" ಅಂತ ನೀವು ಅಂದವರು ಕಾಯಿಲೆಯಿಂದ ಎದ್ದು ಬಂದಿರಬಹುದು, ಮನೆಯಲ್ಲಿ ಸಾವು ಆಗಿರಬಹುದು. ನಿದ್ದೆ ಚೆನ್ನಾಗಿ ಬರ್ತಿದೆಯಾ, ಬೆನ್ನು ನೋವು ಹೇಗಿದೆ ಅಂತ ಕೇಳಿ, ಅದೇ ನಿಜವಾದ ವಿಚಾರಣೆ.

ಪಕ್ಕದವರಿಗೆ ನೀವು ಆಸನ ಹೇಳಿಕೊಡೋಕೆ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ಅವರ ಬೆನ್ನಿನ ಕಥೆ ನಿಮಗೆ ಗೊತ್ತಿಲ್ಲ.

ಸೇರಿದ ಮೇಲೆ ಒಂದು ಸಣ್ಣ ಕೆಲಸ ಕೈಗೆ ತಗೊಳ್ಳಿ. ಜಮಖಾನ ಹಾಸೋದು, ಕಿಟಕಿ ತೆಗೆಯೋದು, ಬ್ಲಾಕ್ ಎಣಿಸಿ ಕಪಾಟಿನಲ್ಲಿ ಇಡೋದು, ಯಾವುದಾದರೂ ಸರಿ. ಕೆಲಸ ಇದ್ದರೆ ಅಪರಿಚಿತರ ನಡುವೆ ಕೈಕಟ್ಟಿ ನಿಲ್ಲೋ ಕಷ್ಟ ಇರಲ್ಲ, ಮಾತು ತಾನಾಗಿ ಶುರುವಾಗುತ್ತದೆ. ಕ್ಲಾಸ್ ಮುಗಿದ ಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯೋಕೆ ಕರೆದರೆ ಹೋಗಿ. ಬ್ಯಾಂಕಿನಿಂದ ರಿಟೈರ್ ಆದವರು, ಹೊಸದಾಗಿ ಊರಿಂದ ಬಂದು ಪಿಜಿಯಲ್ಲಿರೋ ಹುಡುಗಿ, ಸೊಪ್ಪಿನ ಅಂಗಡಿ ಇಟ್ಟಿರೋ ಅಮ್ಮ, ಇವರೆಲ್ಲ ಒಂದೇ ಮೇಜಿನ ಸುತ್ತ ನಿಲ್ಲೋ ಜಾಗ ಈ ಊರಿನಲ್ಲಿ ಜಾಸ್ತಿ ಇಲ್ಲ. ಪಿಜಿ ಹುಡುಗಿಗೆ ಜ್ವರ ಬಂದರೆ ಗಂಜಿ ಕಳಿಸೋಕೆ ಒಬ್ಬರು ಇರುತ್ತಾರೆ, ಅಂಕಲ್‌ಗೆ ಫೋನಿನಲ್ಲಿ ಮೆಟ್ರೋ ಟಿಕೆಟ್ ತಗೊಳ್ಳೋದು ಹೇಳಿಕೊಡೋಕೆ ಒಬ್ಬರು ಸಿಗುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಕ್ಲಾಸಿನ ವಿಷಯ ಬಿಟ್ಟು ರಾಜಕೀಯ, ಔಷಧಿ ಮಾರಾಟ ಬೇಡ ಅಂತ ಮೊದಲೇ ಒಪ್ಪಿಕೊಳ್ಳಿ.

ಯಾರಾದರೂ ವಾರಗಟ್ಟಲೆ ಬರದಿದ್ದರೆ ಫೋನ್ ಮಾಡಿ. "ಯಾಕೆ ಬರ್ಲಿಲ್ಲ" ಅಂತ ಕೇಳಬೇಡಿ, "ಹೇಗಿದೀರಾ" ಅಂತ ಕೇಳಿ. ನೀವೇ ಬಿಟ್ಟಿದ್ದರೆ, ವಾಪಸ್ ಬಂದ ಮೊದಲ ದಿನ ಹಿಂದಿನ ಸಾಲಿನಲ್ಲಿ ಮ್ಯಾಟ್ ಹಾಸಿ ಅರ್ಧ ಮಾತ್ರ ಮಾಡಿ, ಕಾರಣ ಹೇಳೋ ಅಗತ್ಯ ಇಲ್ಲ.

ರಥಸಪ್ತಮಿ ಬರೋದು ಜನವರಿ ಕೊನೆಗೋ ಫೆಬ್ರವರಿಗೋ. ಅವತ್ತು ಬೆಂಗಳೂರಿನ ಬಹಳಷ್ಟು ಕಡೆ 108 ಸೂರ್ಯನಮಸ್ಕಾರ ಮಾಡುತ್ತಾರೆ, ಹೊಸಬರು ಆ ಸಂಖ್ಯೆ ಕೇಳಿಯೇ ಮನೆಯಲ್ಲಿ ಉಳಿದುಬಿಡುತ್ತಾರೆ. ನೀವು ಹೋಗಿ. ಹನ್ನೆರಡರಂತೆ ಒಂಬತ್ತು ಸುತ್ತು ಮಾಡಿಸುತ್ತಾರೆ, ಮಧ್ಯೆ ಬಿಡುವು ಇರುತ್ತದೆ. ನಾನು ಒಂದೇ ಸುತ್ತು ಮಾಡ್ತೀನಿ ಅಂತ ಮೇಷ್ಟ್ರಿಗೆ ಮುಂಚೆಯೇ ಹೇಳಿ. ಕುರ್ಚಿ ಹಿಡಿದು ಮಾಡೋರಿಗೆ ಗೋಡೆ ಪಕ್ಕ ಜಾಗ ಕೇಳಿ. ಒಂದು ಸುತ್ತು ಮುಗಿಸಿದ ಮೇಲೆ ಕೂತು ಉಳಿದವರಿಗಾಗಿ ಜೋರಾಗಿ ಎಣಿಸಿ, ನೂರರ ಮೇಲೆ ಎಲ್ಲರಿಗೂ ಲೆಕ್ಕ ತಪ್ಪುತ್ತದೆ, ಎಣಿಸೋರು ಬೇಕೇ ಬೇಕು. ಮಾರನೇ ದಿನ ತೊಡೆ ಹಿಡಿದುಕೊಂಡಿರುತ್ತದೆ. ಆದರೂ ಕ್ಲಾಸಿಗೆ ಬನ್ನಿ, ಅವತ್ತು ಮೈ ಸಡಿಲಿಸೋ ಅಭ್ಯಾಸ ಮಾಡಿಸಿ, ಶವಾಸನ ಜಾಸ್ತಿ ಹೊತ್ತು ಕೊಡಿ ಅಂತ ಮೇಷ್ಟ್ರನ್ನ ಕೇಳಿ.