ಫೈಲ್ ಬದಲಾದರೂ ಸ್ಕ್ರಿಪ್ಟ್ ಯಾಕೆ ಸುಮ್ಮನಿತ್ತು?

ಕಾನ್ಫಿಗ್ ಫೈಲ್ (ಪ್ರೋಗ್ರಾಂನ ಸೆಟ್ಟಿಂಗ್‌ಗಳಿರುವ ಫೈಲ್) ಸೇವ್ ಮಾಡಿದ ತಕ್ಷಣ ಪ್ರೋಗ್ರಾಂ ತಾನಾಗೇ ರೀಸ್ಟಾರ್ಟ್ ಆಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಮೊದಲು ಸ್ಕ್ರಿಪ್ಟಿನಲ್ಲಿ ವೈಲ್ ಲೂಪ್ (ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಹಾಕಿದೆ. ಸ್ಟ್ಯಾಟ್ ಕಮಾಂಡಿನಿಂದ ಫೈಲ್ ಬದಲಾದ ಸಮಯ ತೆಗೆದು, ಹಳೆಯದರ ಜೊತೆ ಹೋಲಿಸಿ, 1 ಸೆಕೆಂಡ್ ಸ್ಲೀಪ್. ಕೆಲಸವೇನೋ ಆಗುತ್ತಿತ್ತು. ಆದರೆ ಏನೂ ಆಗದಿದ್ದರೂ ದಿನವಿಡೀ ಸುಮ್ನೆ ಇಣುಕಿ ನೋಡುವುದು ನನಗೆ ಹಿಡಿಸಲಿಲ್ಲ.

ಲಿನಕ್ಸ್‌ನಲ್ಲಿ ಇದಕ್ಕೆಂದೇ ಐನೋಟಿಫೈ ಇದೆ. ಬದಲಾವಣೆ ಆದಾಗ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸ್ಕ್ರಿಪ್ಟನ್ನು ಎಬ್ಬಿಸುತ್ತದೆ. ಐನೋಟಿಫೈ-ಟೂಲ್ಸ್ ಇನ್‌ಸ್ಟಾಲ್ ಮಾಡಿ, ಅದರಲ್ಲಿರುವ ಐನೋಟಿಫೈವೇಟ್ ಕಮಾಂಡಿಗೆ ಫೈಲ್ ಹೆಸರು ಕೊಟ್ಟು, 'ಮಾಡಿಫೈ' ಈವೆಂಟಿಗೆ ಕಾಯಲು ಹೇಳಿದೆ. ಎಕೋ ಕಮಾಂಡಿನಿಂದ ಫೈಲಿಗೆ ಒಂದು ಸಾಲು ಸೇರಿಸಿದೆ, ಥಟ್ಟನೆ ಓಡಿತು! ವಿಮ್ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದೆ, ಕಿಮಕ್ ಎನ್ನಲಿಲ್ಲ. ಆಮೇಲೆ ಎಕೋಗೂ ಉತ್ತರವಿಲ್ಲ.

ಅರ್ಧ ದಿನ ನನ್ನ ಸ್ಕ್ರಿಪ್ಟನ್ನೇ ಬೈದುಕೊಂಡೆ. ಕೊನೆಗೆ ಸೇವ್ ಮಾಡುವ ಮೊದಲು ಮತ್ತು ನಂತರ 'ಎಲ್‌ಎಸ್ -ಐ' ಕೊಟ್ಟು ನೋಡಿದೆ. ಐನೋಡ್ ನಂಬರೇ (ಹೆಸರು ಏನೇ ಇರಲಿ, ಡಿಸ್ಕಿನಲ್ಲಿ ಫೈಲನ್ನು ಗುರುತಿಸುವ ಸಂಖ್ಯೆ) ಬೇರೆ! ವಿಮ್ ಹಳೇ ಫೈಲಿನ ಹೆಸರು ಬದಲಿಸಿ, ಅದೇ ಹೆಸರಲ್ಲಿ ಹೊಸ ಫೈಲ್ ಬರೆದು, ಹಳೆಯದನ್ನು ಅಳಿಸಿತ್ತು. ನಾನು ಕಾಯುತ್ತಿದ್ದದ್ದು ಸತ್ತುಹೋದ ಐನೋಡನ್ನು.

ಪರಿಹಾರ: ಫೈಲಿನ ಬದಲು ಅದಿರುವ ಡೈರೆಕ್ಟರಿಯನ್ನು ಕಾಯಬೇಕು. ಈವೆಂಟ್‌ಗಳು 'ಕ್ಲೋಸ್_ರೈಟ್' ಮತ್ತು 'ಮೂವ್ಡ್_ಟು'. ಎರಡನೆಯದು, ಬೇರೆ ಹೆಸರಲ್ಲಿ ಬರೆದ ಫೈಲನ್ನು ಈ ಹೆಸರಿಗೆ ಬದಲಿಸಿದಾಗ ಬರುವುದು. ಬಂದ ಹೆಸರು ನಮ್ಮ ಫೈಲಿನದ್ದಾದರೆ ಮಾತ್ರ ರೀಸ್ಟಾರ್ಟ್. 'ಮಾಡಿಫೈ' ಬಿಟ್ಟದ್ದಕ್ಕೂ ಕಾರಣವಿದೆ: ಫೈಲನ್ನು ಅರ್ಧ ಬರೆದಿರುವಾಗಲೇ ಅದು ಕೂಗಿಬಿಡುತ್ತದೆ. 'ಕ್ಲೋಸ್_ರೈಟ್' ಬರುವುದು ಬರೆದು ಮುಚ್ಚಿದ ಮೇಲೆ.

ಆದರೆ ಎನ್‌ಎಫ್‌ಎಸ್‌ನಲ್ಲಿರುವ (ನೆಟ್‌ವರ್ಕ್ ಮೂಲಕ ಹಲವು ಮಷೀನ್‌ಗಳು ಹಂಚಿಕೊಳ್ಳುವ ಡಿಸ್ಕ್) ಫೈಲನ್ನು ಬೇರೆ ಮಷೀನ್ ಬದಲಿಸಿದರೆ ಐನೋಟಿಫೈಗೆ ಗೊತ್ತಾಗುವುದಿಲ್ಲ. ಅಲ್ಲಿ ಆ ಹಳೇ ಸ್ಟ್ಯಾಟ್ ಲೂಪೇ ಗತಿ.